ಸೊಲ್ಲಾಪುರದ ಬೇಂದ್ರೆ ಮಾಸ್ತರರು

ವರಕವಿ ದ. ರಾ. ಬೇಂದ್ರೆಯವರೆಂದರೆ ಧಾರವಾಡದ ಸಾಧನಕೇರಿಯೇ ನೆನಪಾಗುತ್ತದೆ. ಆದರೆ ನಡುವಯಸ್ಸಿನಲ್ಲಿ ಅವರ ಬಾಳು ನೆಲೆ ಕಂಡುದು ಸೊಲ್ಲಾಪುರದಲ್ಲಿ, ನಮ್ಮಂತಹ ಗಡಿನಾಡ ಕನ್ನಡಿಗರ ನಡುವೆ.

1896ರಲ್ಲಿ ಜನಿಸಿದ ಬೇಂದ್ರೆಯವರು ಶಾಲಾ ಮಾಸ್ತರರಾಗಿದ್ದವರು. 1932ರಲ್ಲಿ ‘ನರಬಲಿ’ ಕವನಕ್ಕಾಗಿ ಸೆರೆಮನೆ ಸೇರಿದರು, ನೌಕರಿಯೂ ಹೋಯಿತು. ಮುಂದೆ ವರ್ಷಗಟ್ಟಲೆ ಭದ್ರವಾದ ಉದ್ಯೋಗವಿಲ್ಲ. ಹುಟ್ಟಿದ ಮಕ್ಕಳಲ್ಲಿ ಹಲವರು ತೀರಿಕೊಂಡರು. ಇದರ ನಡುವೆಯೇ 1935ರಲ್ಲಿ, 39ನೆಯ ವಯಸ್ಸಿನಲ್ಲಿ, ಎಂ.ಎ. ಮುಗಿಸಿದರು. 1943ರಲ್ಲಿ ಶಿವಮೊಗ್ಗೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆದರೆ ಹಾರತುರಾಯಿಗಳಿಂದ ಮನೆಯ ಒಲೆ ಉರಿಯುವುದುಂಟೆ?

1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾದರು. ಆಗ ಅವರಿಗೆ 48. ನಮ್ಮಲ್ಲಿ ಅನೇಕರು ಇನ್ನೇನಿದೆ ಎಂದು ಕೈಚೆಲ್ಲುವ ವಯಸ್ಸು. ಪಟ್ಟಣದ ವ್ಯವಹಾರವೆಲ್ಲ ಮರಾಠಿ. ಆದರೆ ಸಮೀಪದ ಅಕ್ಕಲಕೋಟೆ ತಾಲೂಕಿನ ಕರಜಗಿಯಂತಹ ಹಳ್ಳಿಗಳಲ್ಲಿ ಜನರ ಮಾತು ಕನ್ನಡ. ಬೇಂದ್ರೆಯವರ ಮನೆಮಾತೋ, ಮರಾಠಿ! ಅಲ್ಲಿ ಅವರು 12 ವರ್ಷ ಕನ್ನಡ ಕಲಿಸಿದರು, ಮರಾಠಿಯಲ್ಲೂ ಬರೆದರು. ‘ಗಂಗಾವತರಣ’ ಪ್ರಕಟವಾದುದು ಆ ದಿನಗಳಲ್ಲೇ, 1951ರಲ್ಲಿ.

1956ರಲ್ಲಿ ನಿವೃತ್ತರಾಗಿ ಧಾರವಾಡಕ್ಕೆ ಮರಳಿ ಆಕಾಶವಾಣಿಗೆ ಸಲಹೆಗಾರರಾದರು. 1958ರಲ್ಲಿ ‘ಅರಳು ಮರಳು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಜ್ಞಾನಪೀಠ ತಂದ ‘ನಾಕುತಂತಿ’ ಹೊರಬಂದಾಗ ಅವರಿಗೆ 68 ವರ್ಷ.