ಪುಸ್ತಕದ ಗಂಟು ಹೊತ್ತ ಮಾಸ್ತರರು

ಮಂತ್ರಾಲಯದಲ್ಲಿ ನಾವು ದಿನವೂ ಕಾಣುವ ತುಂಗಭದ್ರೆ, ಇಲ್ಲಿಗೆ ಬರುವ ಎಷ್ಟೋ ಮೊದಲು ಹಾವೇರಿ ಸೀಮೆಯ ಗಳಗನಾಥ ಎಂಬ ಹಳ್ಳಿಯ ಬಳಿ ವರದಾ ನದಿಯನ್ನು ಕೂಡಿಕೊಳ್ಳುತ್ತಾಳೆ. ಆ ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡವರು ವೆಂಕಟೇಶ ತಿರಕೋ ಕುಲಕರ್ಣಿ. ಗಳಗನಾಥರೆಂದರೆ ನಮ್ಮ ಹಿರಿಯರಲ್ಲಿ ಕೆಲವರಿಗಾದರೂ ಗೊತ್ತು, ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ.

1869ರಲ್ಲಿ ಹುಟ್ಟಿದ ಅವರು ಧಾರವಾಡದಲ್ಲಿ ಶಿಕ್ಷಕರ ತರಬೇತಿ ಪಡೆದು ಕನ್ನಡ ಶಾಲೆಯ ಮಾಸ್ತರರಾದರು. ಆ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮನೆಯಲ್ಲಿ ಕನ್ನಡ ಆಡುವವರು ಕೂಡ ಕೈಯಲ್ಲಿ ಹಿಡಿಯುತ್ತಿದ್ದುದು ಮರಾಠಿ ಪುಸ್ತಕ. ಸುತ್ತಲೂ ತೆಲುಗು ಇರುವ ಊರಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ನಮಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ.

ಗಳಗನಾಥರು ಮರಾಠಿಯನ್ನು ಬೈಯುತ್ತ ಕೂಡಲಿಲ್ಲ. ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ನಮ್ಮ ಮಾತಿಗೆ ಒಗ್ಗಿಸಿ ಕನ್ನಡಕ್ಕೆ ತಂದರು. ಮೊದಲ ಕಾದಂಬರಿ 'ಪ್ರಬುದ್ಧ ಪದ್ಮನಯನೆ' 1898ರಷ್ಟು ಹಿಂದಿನದು. ಹಗಲು ಶಾಲೆ, ಉಳಿದ ಹೊತ್ತಿನಲ್ಲಿ ಬರವಣಿಗೆ. ಕೊನೆಗೆ ಸರಕಾರಿ ನೌಕರಿಯನ್ನೇ ಬಿಟ್ಟರು. ತಿಂಗಳ ಸಂಬಳ ನಿಂತರೆ ಮನೆಯ ಪಾಡೇನೆಂದು ಮಾಸ್ತರರ ಮನೆಯವರಿಗೆ ಚೆನ್ನಾಗಿ ಗೊತ್ತು, ಆದರೂ ಬಿಟ್ಟರು. 1907ರಲ್ಲಿ ಅಗಡಿಯ ಆನಂದವನದಲ್ಲಿ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆ ಶುರುವಾಯಿತು. ಅಗಡಿಯ ಶೇಷಾಚಲ ಸದ್ಗುರುಗಳ ಭಕ್ತರು ಅವರು. ಅವರ ಭಕ್ತಿಮಾರ್ಗ ನಮ್ಮದಲ್ಲ, ಆದರೆ ಅವರು ಬರೆದ ಕನ್ನಡ ನಮ್ಮದೇ.

ಬರೆದರಾಯಿತೇ? ಕೊಳ್ಳುವವರು ಬೇಕಲ್ಲ! ಇಲ್ಲಿಯೇ ಅವರ ಹೆಸರು ಜನರ ಬಾಯಲ್ಲಿ ನಿಂತದ್ದು. ಅಚ್ಚಾದ ಪುಸ್ತಕಗಳನ್ನು ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಊರೂರು ನಡೆದರು. ಮನೆ ಬಾಗಿಲಿಗೆ ಹೋಗಿ ತಾವೇ ಮಾರಿದರು. ಒಂದು ಕಾಲದಲ್ಲಿ ಮಾಸ್ತರರೆಂದು ಜನ ಎದ್ದು ನಿಲ್ಲುತ್ತಿದ್ದ ಮನುಷ್ಯ ಹೀಗೆ ಬಾಗಿಲು ಬಾಗಿಲಿಗೆ ಹೋಗುವುದು ಸುಲಭವಾಗಿತ್ತೆಂದು ನನಗೆ ಅನಿಸುವುದಿಲ್ಲ. ಕಾದಂಬರಿ ಎಂದರೇನೆಂದು ತಿಳಿಯದ ಮನೆಗಳಿಗೂ ಹೀಗೆ ಕನ್ನಡ ಪುಸ್ತಕ ಹೋಯಿತು. ಕನ್ನಡಕ್ಕೆ ಓದುಗರನ್ನು ಸಂಪಾದಿಸಿಕೊಟ್ಟವರೆಂದು ಇಂದಿಗೂ ಅವರನ್ನು ನೆನೆಯುತ್ತಾರೆ.

ಅವರ ದೊಡ್ಡ ಕೃತಿ 'ಮಾಧವ ಕರುಣಾ ವಿಲಾಸ'. ಇದು ವಿದ್ಯಾರಣ್ಯರ ಮತ್ತು ವಿಜಯನಗರ ಹುಟ್ಟಿದ ಕಾಲದ ಕಥೆ. ಅವರ ಊರಿಗೂ ನಮ್ಮೂರಿಗೂ ನಡುವೆ, ಇದೇ ಹೊಳೆಯ ದಂಡೆಯಲ್ಲಿರುವ ಹಂಪಿಯ ಕಥೆ ಅದು.

ಇಷ್ಟೆಲ್ಲ ಮಾಡಿದರೂ ಹಣ ಕೈಯಲ್ಲಿ ನಿಲ್ಲಲಿಲ್ಲ. ಮುಪ್ಪಿನಲ್ಲಿ ಬಡತನವೇ ಜೊತೆಯಾಯಿತು. 1942ರ ಏಪ್ರಿಲ್‌ನಲ್ಲಿ, 73ನೆಯ ವಯಸ್ಸಿನಲ್ಲಿ ತೀರಿಕೊಂಡರು.