ಪದ್ಧತಿ ದೊಡ್ಡದೋ, ಗ್ರಂಥ ದೊಡ್ಡದೋ?

ಹರ್ಮನ್ ಮೊಗ್ಲಿಂಗ್ ಅಂದರೆ ಕನ್ನಡ ಓದಿದವರಿಗೆ ಗೊತ್ತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದವರು. ಆದರೆ ಅವರ ಇನ್ನೊಂದು ಕೆಲಸ ನಮಗೆ ಹೆಚ್ಚು ಬೇಕಾದದ್ದು.

1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಇವರು ಬಾಸೆಲ್ ಮಿಷನ್ ಪರವಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಆ ಕಾಲಕ್ಕೆ ತಂಜಾವೂರು, ಮದ್ರಾಸ್ ಕಡೆಯ ಹಳೇ ಚರ್ಚುಗಳಲ್ಲಿ ಮೇಲ್ಜಾತಿಯವರು ಒಂದು ಕಡೆ, ನಮ್ಮಂಥೋರು ಇನ್ನೊಂದು ಕಡೆ ಕೂರಬೇಕಿತ್ತು. ಕೇಳಿದರೆ, ಹಿಂದಿನಿಂದ ಬಂದ ಪದ್ಧತಿ ಅನ್ನೋರು. 1833ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ ಇದನ್ನು ಬಿಡಲೇಬೇಕು ಅಂತ ಪತ್ರ ಬರೆದರು. ಎಷ್ಟೋ ಜನ ಜಾತಿ ಬಿಡದೆ ಚರ್ಚನ್ನೇ ಬಿಟ್ಟರು! ಬೈಬಲ್‌ನಲ್ಲಿ ಈ ಪದ್ಧತಿ ಎಲ್ಲಿದೆ? ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಇಂಥ ಭೇದವನ್ನೇ ಅಳಿಸಿದ್ದಾನೆ.

ಬಾಸೆಲ್ ಮಿಷನ್‌ನವರು ಈ ಪದ್ಧತಿಗೆ ಒಪ್ಪಲಿಲ್ಲ. ಸಭೆ ಸೇರೋರು ಜಾತಿ ಬಿಟ್ಟೇ ಬರಬೇಕಿತ್ತು. ಮೊಗ್ಲಿಂಗರ ಶಿಷ್ಯ, ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ಹಾಗೇ ಬಂದರು. ಮುಂದೆ 1850ರ ದಶಕದಲ್ಲಿ ಮೊಗ್ಲಿಂಗ್ ಕೊಡಗಿಗೆ ಹೋಗಿ, ಜೀತದಲ್ಲಿದ್ದ ಹೊಲೆಯ ಸಮುದಾಯದವರಿಗಾಗಿ ಆನಂದಪುರ ಅನ್ನೋ ಊರು ಕಟ್ಟಿದರು. ಬ್ರಾಹ್ಮಣರಿಗೂ ಹೊಲೆಯರಿಗೂ ಒಂದೇ ನಿಯಮ. 1860ರಲ್ಲಿ ತಮ್ಮ ದೇಶಕ್ಕೆ ಮರಳಿ, 1881ರಲ್ಲಿ ತೀರಿಕೊಂಡರು.

ಈಗ ನೀವೇ ಯೋಚನೆ ಮಾಡಿ. ಕೂರೋ ಜಾಗದಲ್ಲಿ, ಮಣ್ಣು ಮಾಡೋ ಜಾಗದಲ್ಲಿ, ಹೆಣ್ಣು ಗಂಡು ನೋಡೋವಾಗ ಯಾರಾದರೂ ನಿಮ್ಮನ್ನು ಬೇರೆ ಇಟ್ಟರೆ ತಲೆ ತಗ್ಗಿಸಬೇಡಿ. ಇದು ಗ್ರಂಥದ ಯಾವ ಪುಟದಲ್ಲಿದೆ, ತೋರಿಸಿ ಅಂತ ಕೇಳಿ. ಹಾಗೆ ಕೇಳಬೇಕಾದರೆ ನಾವು ಓದಿರಬೇಕು. ಅದಕ್ಕೇ ಕುಂದುರ್ಪಿಯ ತಮ್ಮ ತಂಗಿಯರಿಗೆ ನನ್ನದೊಂದೇ ಮಾತು: ಓದು ಬಿಡಬೇಡಿ. ಜೈ ಭೀಮ್.