ಧಾರವಾಡ ಶಿಲೆಗಳಿಗೆ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಇತಿಹಾಸದ ಪಾಠದಲ್ಲಿ ಓದಿರುತ್ತಾರೆ. 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಅವರಿಗೆ ಸಿಕ್ಕ ಕಲ್ಲಿನ ಉಪಕರಣದಿಂದ ಭಾರತದ ಹಳೆಯ ಶಿಲಾಯುಗದ ಅಧ್ಯಯನ ಆರಂಭವಾಯಿತು. ಆದರೆ ಅವರು ಸಂಬಳ ಪಡೆಯುತ್ತಿದ್ದದ್ದು ನೆಲದ ಕಲ್ಲನ್ನು ಓದುವ ಕೆಲಸಕ್ಕೆ. 2007ರವರೆಗೂ ಕೋಲಾರ ಜಿಲ್ಲೆಯವರೇ ಆಗಿದ್ದ ನಮಗೆ ಹೆಚ್ಚು ಹತ್ತಿರದವರು ಈ ಭೂವಿಜ್ಞಾನಿ ಫೂಟ್.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಹುಟ್ಟಿದ ಅವರು 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. ಮುಂದಿನ ಮೂರು ದಶಕ ಡೇರೆ, ಸುತ್ತಿಗೆ, ಟಿಪ್ಪಣಿ ಪುಸ್ತಕಗಳೊಡನೆ ದಕ್ಷಿಣ ಭಾರತವನ್ನು ಸುತ್ತಿದರು.

ನಂದಿಬೆಟ್ಟದಿಂದ ಶಿಡ್ಲಘಟ್ಟ, ಚಿಂತಾಮಣಿಯವರೆಗೆ ನಮ್ಮ ಸೀಮೆಯ ಬಹುಪಾಲು ಗ್ರಾನೈಟ್ ಮತ್ತು ಬೂದುಬಣ್ಣದ ನೈಸ್ ಶಿಲೆ. ಬಾವಿ ತೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಇಂಥ ನೆಲದ ನಡುವೆ ರಾಜ್ಯದ ಅಲ್ಲಲ್ಲಿ ಕಪ್ಪು, ಕಡುಹಸಿರು ಶಿಲೆಗಳ ಪಟ್ಟಿಗಳು ಉತ್ತರ ದಕ್ಷಿಣವಾಗಿ ಹಾದುಹೋಗಿವೆ. ಫೂಟ್ ಇವನ್ನು ನೈಸಿನಿಂದ ಬೇರ್ಪಡಿಸಿ ಧಾರವಾಡ ಶಿಲಾವರ್ಗ ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಇವುಗಳಲ್ಲೇ ಇದೆ ಎಂದು 1888ರ ಲೇಖನದಲ್ಲಿ ತೋರಿಸಿದರು. ಕೋಲಾರದ ಚಿನ್ನದ ಗಣಿಗಳು ಇಂಥದೇ ಒಂದು ಪಟ್ಟಿಯ ಮೇಲಿವೆ. ಉದ್ದ ಸುಮಾರು 80 ಕಿ.ಮೀ., ಅಗಲ ಕೆಲವೇ ಕಿ.ಮೀ.

1891ರಲ್ಲಿ ನಿವೃತ್ತರಾದರೂ ಅವರು ಕೂರಲಿಲ್ಲ. ಬರೋಡಾ ಸಂಸ್ಥಾನದಲ್ಲಿ ದುಡಿದು, 1894ರಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಯನ್ನು ಮೊದಲಿಗರಾಗಿ ನಡೆಸಿದರು. ಆಗ ಅವರಿಗೆ 60 ವರ್ಷ.

ಈ ಕಪ್ಪು ಪಟ್ಟಿಗಳು ಹೀಗೆ ಮಡಿಚಿ, ನೆಟ್ಟಗೆ ನಿಂತದ್ದು ಹೇಗೆ? ಅದಕ್ಕೆ ಬೇಕಾದ ಸಿದ್ಧಾಂತ ಅವರ ಕಾಲದಲ್ಲಿ ಇರಲಿಲ್ಲ. ಭೂಖಂಡಗಳು ಚಲಿಸುತ್ತವೆ ಎಂದು ವೆಗೆನರ್ ಮೊದಲು ಮಂಡಿಸಿದ್ದೇ 1912ರಲ್ಲಿ; ಭೂಫಲಕಗಳ ಸಿದ್ಧಾಂತ ಬಂದದ್ದು 1960ರ ದಶಕದಲ್ಲಿ.

ಸಾಗರದ ತಳದ ಶಿಲಾಪದರ ಸಾಮಾನ್ಯವಾಗಿ 7 ಕಿ.ಮೀ. ದಪ್ಪ. ಎರಡು ಫಲಕಗಳು ಎದುರಾದಾಗ ತಣ್ಣಗಾಗಿ ಭಾರವಾದ ತಳ ಇನ್ನೊಂದರ ಅಡಿಗೆ ಜಾರಿ ಭೂಮಿಯ ಒಡಲು ಸೇರುತ್ತದೆ. ಆದರೆ ಲಾವಾ ಅಪಾರವಾಗಿ ಉಕ್ಕಿ 30 ಕಿ.ಮೀ.ಗೂ ದಪ್ಪವಾದ ಸಾಗರ ಪ್ರಸ್ಥಭೂಮಿ ಬಂದರೆ ಅದು ಸುಲಭವಾಗಿ ಮುಳುಗದು; ಬೀಸುವ ಕಲ್ಲಿಗೆ ಹರಳು ಸಿಕ್ಕಿಕೊಂಡಂತೆ ಆಗುತ್ತದೆ. ಪೆಸಿಫಿಕ್ ಸಾಗರದ ಒಂಟಾಂಗ್ ಜಾವಾ ಪ್ರಸ್ಥಭೂಮಿ ಸಾಲೊಮನ್ ದ್ವೀಪಗಳಿಗೆ ಬಂದು ಬಡಿದಾಗ ಆದದ್ದು ಇದೇ. ಪೆಸಿಫಿಕ್ ಫಲಕ ಜಾರುವುದು ಹೆಚ್ಚುಕಡಿಮೆ ನಿಂತು, ಎದುರಿನ ಆಸ್ಟ್ರೇಲಿಯಾ ಕಡೆಯ ಫಲಕ ಜಾರತೊಡಗಿತು. ಪ್ರಸ್ಥಭೂಮಿಯ ಮೇಲ್ಪದರ ಕೆರೆದುಬಂದು ಮಲೈಟಾ ದ್ವೀಪದಲ್ಲಿ ಮಡಿಕೆಯಾಗಿ ನಿಂತಿದೆ. ಅಲ್ಲಿ ದೊಡ್ಡ ಭೂಕಂಪವಾದರೆ ಮೊದಲ ಅಲೆ ಸುಮಾರು 12–13 ನಿಮಿಷದಲ್ಲಿ ನಮ್ಮ ಗೌರಿಬಿದನೂರಿಗೆ ಮುಟ್ಟುತ್ತದೆ. 1965ರಲ್ಲಿ ಇಲ್ಲಿ ಸ್ಥಾಪನೆಯಾದ ಭೂಕಂಪ ಮಾಪನ ಕೇಂದ್ರಕ್ಕೆ ನಮ್ಮ ಹಳೆಯ, ಸದ್ದಿಲ್ಲದ ಬಂಡೆಯೇ ಅನುಕೂಲ.

ನಮ್ಮ ನೆಲದಲ್ಲೂ ಹಿಂದೆ ಇಂಥದು ನಡೆದಿತ್ತೆ? ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತಿರುವ ಧಾರವಾಡ ಲಾವಾ ಇದೆ. ನೀರೊಳಗೆ ಉಕ್ಕಿದ ಲಾವಾ ಮಾತ್ರ ಆ ಆಕಾರ ತಳೆಯುತ್ತದೆ. ಕೋಲಾರದ ಪಟ್ಟಿ ಸುಮಾರು 250 ಕೋಟಿ ವರ್ಷಗಳ ಹಿಂದೆ ಎರಡು ಭೂಭಾಗಗಳು ಕೂಡಿಕೊಂಡ ಹೊಲಿಗೆ ಎಂದು 1989ರ ಅಧ್ಯಯನವೊಂದು ವಾದಿಸಿತು. ಧಾರವಾಡದ ಕೆಲವು ಲಾವಾಗಳು ಹಾಗೆ ಸಿಕ್ಕಿಕೊಂಡ ಸಾಗರ ಪ್ರಸ್ಥಭೂಮಿಯ ತುಣುಕುಗಳೆನ್ನುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಯಾರು ಗೆದ್ದರೂ, ಅವರೆಲ್ಲರ ಚರ್ಚೆ ಫೂಟ್ ಬೇರ್ಪಡಿಸಿಕೊಟ್ಟ ಶಿಲೆಗಳ ಬಗ್ಗೆಯೇ. ಮರಡಿಹಳ್ಳಿಯ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಉಳಿದಿದೆ. ಉಳಿದ ಕಡೆ ಇಂಥ ಸಾಕ್ಷಿಗಳು ಜಲ್ಲಿ ಕ್ರಷರಿಗೆ ಹೋದರೆ ಮತ್ತೆ ಓದಲಾಗದು ಎಂಬುದನ್ನು ಊರಿನವರು ಗಮನಿಸಬೇಕು.

ಫೂಟ್ ಕೊನೆಯ ವರ್ಷಗಳನ್ನು ಏರ್ಕಾಡಿನಲ್ಲಿ ಕಳೆದರು. ಜೀವಮಾನವಿಡೀ ಕೂಡಿಸಿದ ಪ್ರಾಚ್ಯವಸ್ತುಗಳು 1904ರಲ್ಲಿ ಮದ್ರಾಸ್ ವಸ್ತುಸಂಗ್ರಹಾಲಯ ಸೇರಿದವು. ಅವುಗಳ ಪಟ್ಟಿಯನ್ನೂ ಅವರೇ ಬರೆದರು. ಅದು ಅಚ್ಚಾಗಿ ಬರುವ ಮೊದಲೇ, 1912ರ ಡಿಸೆಂಬರ್ 29ರಂದು, ಕಲ್ಕತ್ತೆಯಲ್ಲಿ ತೀರಿಕೊಂಡರು.